ಆಂಡ್ರಾಯ್ಡ್ ಆ್ಯಪ್‌ನಲ್ಲಿ ಮೇನ್ ಫಂಕ್ಷನ್ ಎಲ್ಲಿದೆ? ತೂಕದ ಸ್ಕ್ರೀನ್ ನೇರ ತೆರೆದು ಕ್ರ್ಯಾಶ್ ಆಗುತ್ತಿದೆ

ತೋಟದ_ಹುಡುಗ, ಮೂಡಿಗೆರೆ

ನಮಸ್ಕಾರ. ಚಿಕ್ಕಪ್ಪನ ಕಾಫಿ ತೋಟಕ್ಕೆ ಒಂದು ಸಣ್ಣ ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ. ದಿನದ ಮಳೆ, ಆಳುಗಳ ಚೆಕ್‌ರೋಲ್ (ಹಾಜರಿ ಪಟ್ಟಿ), ಕುಯ್ಲಿನ ಟೈಮಲ್ಲಿ ಯಾರು ಎಷ್ಟು ಕೆಜಿ ಹಣ್ಣು ತಂದರು ಅನ್ನುವ ಲೆಕ್ಕ, ಇಷ್ಟೇ. ಕಾಟ್ಲಿನ್ ಭಾಷೆಯಲ್ಲಿ ಬರೆದಿದ್ದೇನೆ. ಕಣದ ಹತ್ತಿರ ಬಿಟ್ಟರೆ ತೋಟದಲ್ಲಿ ಎಲ್ಲೂ ನೆಟ್‌ವರ್ಕ್ ಸಿಗುವುದಿಲ್ಲ. ಹಾಗಾಗಿ ಡೇಟಾ ಎಲ್ಲ ಫೋನಿನೊಳಗೆ ರೂಮ್ ಅನ್ನುವ ಡೇಟಾಬೇಸ್‌ನಲ್ಲೇ ಇದೆ.

ಮೊದಲನೇ ಪ್ರಶ್ನೆ ಕೆಲವರಿಗೆ ತೀರಾ ಸುಲಭ ಅನ್ನಿಸಬಹುದು. ಕಾಲೇಜಲ್ಲಿ ಸಿ ಕಲಿಸಿದರು, ಆಮೇಲೆ ಜಾವಾ. ಎರಡರಲ್ಲೂ ಪ್ರೋಗ್ರಾಂ ಶುರುವಾಗುವ ಮೇನ್ ಫಂಕ್ಷನ್ ಇತ್ತು. ಯಾರ ಪ್ರೋಗ್ರಾಂ ಕೈಗೆ ಸಿಕ್ಕರೂ ಮೇನ್ ಹುಡುಕಿ ಅಲ್ಲಿಂದ ಓದುತ್ತಾ ಹೋದರೆ ಅರ್ಥವಾಗುತ್ತಿತ್ತು. ಇಲ್ಲಿ ಮೇನ್‌ಆಕ್ಟಿವಿಟಿ ಅಂತ ಒಂದು ಕ್ಲಾಸ್ ಇದೆ, ಮೇನ್ ಫಂಕ್ಷನ್ ಮಾತ್ರ ಎಲ್ಲೂ ಇಲ್ಲ. ಹಾಗಾದರೆ ಆ್ಯಪ್ ಎಲ್ಲಿಂದ ಶುರುವಾಗುತ್ತದೆ?

ಎರಡನೆಯದು ನಿಜವಾದ ತಲೆನೋವು. ಹೋಮ್ ಸ್ಕ್ರೀನ್ ತೆರೆದಾಗ ಆ ದಿನದ ಆಳುಗಳ ಪಟ್ಟಿಯನ್ನು ಡೇಟಾಬೇಸ್‌ನಿಂದ ಓದಿ ಒಂದು ಗ್ಲೋಬಲ್ ಆಬ್ಜೆಕ್ಟ್‌ನಲ್ಲಿ ಇಡುತ್ತೇನೆ. ತೂಕದ ಸ್ಕ್ರೀನ್ ಅದನ್ನೇ ಬಳಸುತ್ತದೆ. ನನ್ನ ಫೋನಲ್ಲಿ ಏನೂ ತೊಂದರೆ ಇಲ್ಲ. ತೋಟದ ರೈಟರ್ (ಲೆಕ್ಕ ಬರೆಯುವವರು) ಹತ್ತಿರ ಇರುವುದು 2 ಜಿಬಿ ರ್‍ಯಾಮಿನ ಹಳೇ ಫೋನ್. ಅವರು ತೂಕ ಬರೆಯುತ್ತಿರುವಾಗ ಮಧ್ಯೆ ಕಾಲ್ ಬರುತ್ತದೆ, ಮಾತಾಡುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಎರಡು ಫೋಟೋ ಕಳಿಸುತ್ತಾರೆ. ವಾಪಸ್ ಬಂದರೆ ನೇರ ತೂಕದ ಸ್ಕ್ರೀನ್ ತೆರೆದುಕೊಂಡು ಕೂಡಲೇ ಕ್ರ್ಯಾಶ್. ಲೇಟ್‌ಇನಿಟ್ ಪ್ರಾಪರ್ಟಿ ಇನಿಷಿಯಲೈಸ್ ಆಗಿಲ್ಲ ಅಂತ ಲಾಗ್‌ನಲ್ಲಿ ಬರುತ್ತದೆ, ಅಂದರೆ ಆಮೇಲೆ ತುಂಬುತ್ತೇನೆ ಅಂತ ಬಿಟ್ಟ ಜಾಗ ಇನ್ನೂ ಖಾಲಿ. ಹೋಮ್ ಸ್ಕ್ರೀನ್ ದಾಟದೆ ತೂಕದ ಸ್ಕ್ರೀನಿಗೆ ಹೋಗಲು ನಾನು ದಾರಿಯೇ ಇಟ್ಟಿಲ್ಲ. ಹೀಗಿರುವಾಗ ಇದು ಹೇಗೆ ಸಾಧ್ಯ?

ಕಡೂರು_ಕೋಡರ್

ಆ್ಯಪ್‌ನಲ್ಲಿ ಏನೇನಿದೆ ಅಂತ ಸಿಸ್ಟಂಗೆ ಹೇಳುವ ಮ್ಯಾನಿಫೆಸ್ಟ್ ಫೈಲ್ ತೆಗೆದು ನೋಡು ಗುರು. ಮೇನ್‌ಆಕ್ಟಿವಿಟಿ ಕೆಳಗೆ ಇಂಟೆಂಟ್ ಫಿಲ್ಟರ್ (ಯಾವ ಕರೆಗೆ ಇದು ಏಳಬೇಕು ಅನ್ನುವ ವಿವರ) ಇರುತ್ತದೆ. ಅದರಲ್ಲಿ ಆ್ಯಕ್ಷನ್ ಮೇನ್, ಕೆಟಗರಿ ಲಾಂಚರ್ ಅಂತ ಎರಡು ಸಾಲು. ಐಕಾನ್ ಒತ್ತಿದಾಗ ಯಾವ ಆಕ್ಟಿವಿಟಿ, ಅಂದರೆ ಯಾವ ಸ್ಕ್ರೀನ್, ತೆರೆಯಬೇಕು ಅಂತ ಫೋನಿಗೆ ಗೊತ್ತಾಗುವುದು ಅದರಿಂದಲೇ. ಕ್ಲಾಸ್ ಹೆಸರು ಮೇನ್‌ಆಕ್ಟಿವಿಟಿ ಅಂತಲೇ ಇರಬೇಕಾಗಿಲ್ಲ, ಕಾಫಿಆಕ್ಟಿವಿಟಿ ಅಂತ ಇಟ್ಟರೂ ನಡೆಯುತ್ತದೆ.

ತೋಟದ_ಹುಡುಗ, ಮೂಡಿಗೆರೆ

ನೋಡಿದೆ, ಇದೆ. ಅಲ್ಲೇ ಎಕ್ಸ್‌ಪೋರ್ಟೆಡ್ ಅಂತ ಒಂದು ಸಾಲು ಇದೆಯಲ್ಲ, ಅದನ್ನು ತೆಗೆದರೆ ಬಿಲ್ಡ್ ಆಗುವುದೇ ಇಲ್ಲ. ಅದು ಯಾಕೆ?

ಕಡೂರು_ಕೋಡರ್

ಆಂಡ್ರಾಯ್ಡ್ 12ರಿಂದ ಬಂದ ನಿಯಮ. ಇಂಟೆಂಟ್ ಫಿಲ್ಟರ್ ಇರುವ ಯಾವುದೇ ಭಾಗವನ್ನು ಹೊರಗಿನ ಆ್ಯಪ್‌ಗಳು ಕರೆಯಬಹುದೋ ಇಲ್ಲವೋ ಅಂತ ಬಾಯಿಬಿಟ್ಟು ಹೇಳಲೇಬೇಕು. ಐಕಾನ್‌ಗಳನ್ನು ತೋರಿಸುವ ಲಾಂಚರ್ ಅನ್ನುವುದೂ ಒಂದು ಹೊರಗಿನ ಆ್ಯಪ್ ತಾನೇ? ಹಾಗಾಗಿ ಇದಕ್ಕೆ ಟ್ರೂ ಇರಬೇಕು.

ಹಾಸನ್_ಲಿನಕ್ಸ್

ಮೊದಲನೇ ಪ್ರಶ್ನೆ ಹಿಡಿದುಕೊಳ್ಳುತ್ತೇನೆ. ಸಿ ಪ್ರೋಗ್ರಾಂ ಮೇನ್‌ನಿಂದ ಶುರುವಾಗುತ್ತದೆ ಅಂತ ಕಾಲೇಜಲ್ಲಿ ಹೇಳುವುದು ಪರೀಕ್ಷೆಗೆ ಸಾಕು, ಆದರೆ ಪೂರ್ತಿ ನಿಜ ಅಲ್ಲ.

ಲಿನಕ್ಸ್‌ನಲ್ಲಿ ಒಂದು ಹಲೋ ಪ್ರೋಗ್ರಾಂ ಕಂಪೈಲ್ ಮಾಡಿ. ಆಮೇಲೆ ರೀಡ್‌ಎಲ್ಫ್ ಕಮಾಂಡ್‌ಗೆ ಮೈನಸ್ ಎಚ್ ಕೊಟ್ಟು ಆ ಫೈಲ್ ನೋಡಿ. ಹೆಡರ್‌ನಲ್ಲಿ ಎಂಟ್ರಿ ಪಾಯಿಂಟ್ ಅಡ್ರೆಸ್ ಅಂತ ಒಂದು ಸಾಲು ಬರುತ್ತದೆ. ಆ ಅಡ್ರೆಸ್‌ನಲ್ಲಿ ಏನಿದೆ ಅಂತ ಆಬ್ಜ್‌ಡಂಪ್‌ನಲ್ಲಿ ತೆಗೆದು ನೋಡಿದರೆ ಸಿಗುವುದು ಮೇನ್ ಅಲ್ಲ, _ಸ್ಟಾರ್ಟ್ ಅನ್ನುವ ತುಂಡು. ಅದನ್ನು ನೀವು ಬರೆದಿಲ್ಲ, ಲಿಂಕ್ ಮಾಡುವಾಗ ಸಿ ಲೈಬ್ರರಿ ಜೊತೆ ಬಂದು ಸೇರಿಕೊಂಡಿರುತ್ತದೆ. ಅದು ಸ್ಟ್ಯಾಕ್ ಮೇಲಿರುವ ಆರ್ಗ್ಯುಮೆಂಟ್‌ಗಳನ್ನು ಎತ್ತಿಕೊಂಡು ಲಿಬ್‌ಸಿ ಸ್ಟಾರ್ಟ್ ಮೇನ್ ಅನ್ನುವ ಫಂಕ್ಷನ್‌ಗೆ ಕೊಡುತ್ತದೆ. ಆ ಫಂಕ್ಷನ್ ಒಂದಿಷ್ಟು ತಯಾರಿ ಮಾಡಿ ಆಮೇಲೆ ನಿಮ್ಮ ಮೇನ್ ಕರೆಯುತ್ತದೆ. ಮೇನ್ ಕೊಟ್ಟ ರಿಟರ್ನ್ ನಂಬರ್ ಎಕ್ಸಿಟ್‌ಗೆ ಹೋಗುತ್ತದೆ.

ಇನ್ನೂ ಕೆದಕಿದರೆ, ಶೇರ್ಡ್ ಲೈಬ್ರರಿ ಬಳಸುವ ಪ್ರೋಗ್ರಾಂ ಆದರೆ ಕರ್ನೆಲ್ ಮೊದಲು ಹೋಗುವುದು _ಸ್ಟಾರ್ಟ್‌ಗೂ ಅಲ್ಲ, ಡೈನಾಮಿಕ್ ಲೋಡರ್‌ಗೆ. ಲೋಡರ್ ಬೇಕಾದ ಲೈಬ್ರರಿಗಳನ್ನೆಲ್ಲ ತಂದು ಜೋಡಿಸಿ, ಆಮೇಲೆ ಹೆಡರ್‌ನಲ್ಲಿದ್ದ ಅಡ್ರೆಸ್‌ಗೆ ಜಿಗಿಯುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಗ್ಲೋಬಲ್ ಆಬ್ಜೆಕ್ಟ್ ಇದ್ದರೆ ಅದರ ಕನ್‌ಸ್ಟ್ರಕ್ಟರ್ ಕೂಡ ಮಾಮೂಲಾಗಿ ಮೇನ್‌ಗಿಂತ ಮೊದಲೇ ಓಡಿರುತ್ತದೆ. ಗೋ ಭಾಷೆಯಲ್ಲಿ ಇನಿಟ್ ಫಂಕ್ಷನ್‌ಗಳದ್ದೂ ಅದೇ ಕಥೆ.

ಜಿಸಿಸಿಗೆ ನೋಸ್ಟಾರ್ಟ್‌ಫೈಲ್ಸ್ ಅಂತ ಕೊಟ್ಟರೆ ಈ _ಸ್ಟಾರ್ಟ್ ಬರುವುದಿಲ್ಲ. ಆಗ ನೀವೇ ಬರೆಯಬೇಕು. ಬರೆದು ನೋಡಿ, ಮಜಾ ಇರುತ್ತದೆ. ಕೊನೆಯಲ್ಲಿ ರಿಟರ್ನ್ ಮಾಡಿದರೆ ಸೆಗ್‌ಫಾಲ್ಟ್ ಹೊಡೆಯುತ್ತದೆ, ಏಕೆಂದರೆ ವಾಪಸ್ ಹೋಗಲು ಯಾರೂ ಇರುವುದಿಲ್ಲ. ಎಕ್ಸಿಟ್ ಸಿಸ್ಟಂ ಕಾಲ್ ನೀವೇ ಕರೆಯಬೇಕು.

ಸುಮ್ನೆ_ಓದೋನು

ಕೇಳಿದ್ದು ಆಂಡ್ರಾಯ್ಡ್, ಉತ್ತರ ಕರ್ನೆಲ್‌ಗೆ ಹೋಯಿತು. ನಡೀಲಿ, ನಿಲ್ಲಿಸಬೇಡಿ ಸಾರ್.

ಅರಸೀಕೆರೆ_ಜಂಕ್ಷನ್

ವಿಂಡೋಸ್ ಕಡೆಯದು ನಾನು ಹೇಳುತ್ತೇನೆ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಂಡೇ ಹೊಟ್ಟೆ ಹೊರೆದವನು.

ಎಕ್ಸ್‌ಇ ಫೈಲಿನ ಹೆಡರ್‌ನಲ್ಲೂ ಶುರುವಾಗುವ ಅಡ್ರೆಸ್ ಇರುತ್ತದೆ. ಜೊತೆಗೆ ಸಬ್‌ಸಿಸ್ಟಂ ಅಂತ ಇನ್ನೊಂದು ಮಾಹಿತಿ: ಕನ್ಸೋಲ್ ಅಥವಾ ವಿಂಡೋಸ್. ಕನ್ಸೋಲ್ ಅಂದರೆ ಕಪ್ಪು ಕಿಟಕಿ ತೆರೆಯುತ್ತದೆ, ಮೇನ್ ಹುಡುಕುತ್ತದೆ. ವಿಂಡೋಸ್ ಅಂದರೆ ವಿನ್‌ಮೇನ್ ಹುಡುಕುತ್ತದೆ. ಮಿನ್‌ಜಿಡಬ್ಲ್ಯೂ ಬಳಸುವ ಹುಡುಗರಿಗೆ ಬರುವ ಆ ಪ್ರಸಿದ್ಧ ಎರರ್ ಇದೆಯಲ್ಲ, ಅನ್‌ಡಿಫೈನ್ಡ್ ರೆಫರೆನ್ಸ್ ಟು ವಿನ್‌ಮೇನ್, ಅದು ಬರುವುದು ಪ್ರಾಜೆಕ್ಟ್‌ನಲ್ಲಿ ಮೇನ್ ಆಗಲಿ ವಿನ್‌ಮೇನ್ ಆಗಲಿ ಲಿಂಕರ್‌ಗೆ ಸಿಗದೇ ಇದ್ದಾಗ. ಎಷ್ಟೋ ಸಲ ಫೈಲ್ ಸೇವ್ ಮಾಡದೆ ಕಂಪೈಲ್ ಕೊಟ್ಟಿರುತ್ತಾರೆ, ಅಷ್ಟೇ.

ವಿನ್‌ಮೇನ್‌ಗೆ ನಾಲ್ಕು ಪ್ಯಾರಾಮೀಟರ್. ಎರಡನೆಯದರ ಹೆಸರು ಎಚ್‌ಪ್ರೆವ್‌ಇನ್‌ಸ್ಟೆನ್ಸ್. 16 ಬಿಟ್ ವಿಂಡೋಸ್ ಕಾಲದಲ್ಲಿ ಅದೇ ಪ್ರೋಗ್ರಾಂ ಇನ್ನೊಂದು ಸಲ ಮೊದಲೇ ಓಡುತ್ತಿದ್ದರೆ ಅದರ ಹ್ಯಾಂಡಲ್ ಇಲ್ಲಿ ಬರುತ್ತಿತ್ತು. 32 ಬಿಟ್ ಬಂದ ಮೇಲೆ ಅದು ಯಾವಾಗಲೂ ಸೊನ್ನೆ. ಆದರೂ ಇವತ್ತಿಗೂ ಆ ಜಾಗ ಬಿಟ್ಟು ಬರೆಯುತ್ತೇವೆ. ಮೈಕ್ರೋಸಾಫ್ಟ್‌ನವರು ಹಳೇ ಸಾಮಾನು ಎಸೆಯುವ ಜನ ಅಲ್ಲ.

ಸಿ ಶಾರ್ಪ್‌ಗೆ ಬಂದರೆ ವಿನ್‌ಫಾರ್ಮ್ಸ್‌ನಲ್ಲಿ ಪ್ರೋಗ್ರಾಂ ಡಾಟ್ ಸಿಎಸ್ ಒಳಗೆ ಮೇನ್ ಕಣ್ಣಿಗೆ ಕಾಣುತ್ತದೆ, ಅದರಲ್ಲಿ ಆ್ಯಪ್ಲಿಕೇಶನ್ ಡಾಟ್ ರನ್ ಕರೆದು ಫಾರ್ಮ್ ತೆರೆಯುತ್ತೇವೆ. ಡಬ್ಲ್ಯೂಪಿಎಫ್‌ನಲ್ಲಿ ಮೇನ್ ಕಾಣುವುದಿಲ್ಲ, ಇಲ್ಲ ಅಂತಲ್ಲ. ಬಿಲ್ಡ್ ಮಾಡುವಾಗ ಅದೇ ತಯಾರಾಗಿ ಒಬ್ಜ್ ಫೋಲ್ಡರ್ ಒಳಗೆ ಆ್ಯಪ್ ಡಾಟ್ ಜಿ ಡಾಟ್ ಸಿಎಸ್ ಅನ್ನುವ ಫೈಲ್‌ನಲ್ಲಿ ಕೂತಿರುತ್ತದೆ. ಸಿ ಶಾರ್ಪ್ 9ರಿಂದ ಮೇನ್ ಬರೆಯದೆ ನೇರ ಕೋಡ್ ಬರೆದರೂ ಕಂಪೈಲರ್ ತಾನೇ ಅದನ್ನು ಮೇನ್ ಮಾಡಿಕೊಳ್ಳುತ್ತದೆ.

ಡೆಸ್ಕ್‌ಟಾಪ್‌ನಲ್ಲಿ ನನಗೆ ಇಷ್ಟವಾಗುವುದು ಏನಂದರೆ, ಗಿರಾಕಿ ಐಕಾನ್ ಒತ್ತಲಿ, ಬಿಲ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಲಿ, ಟಾಸ್ಕ್ ಶೆಡ್ಯೂಲರ್ ಬೆಳಗಿನ ಜಾವ ಎಬ್ಬಿಸಲಿ, ಎಲ್ಲ ಮೇನ್‌ಗೇ ಬರುತ್ತದೆ. ಯಾಕೆ ಕರೆದರು ಅಂತ ಆರ್ಗ್ಯುಮೆಂಟ್ ನೋಡಿ ತಿಳಿದುಕೊಳ್ಳುತ್ತೇನೆ.

ಚಿಕ್ಕಮಗಳೂರು_ಸ್ವಿಫ್ಟ್

ಮ್ಯಾಕ್‌ನಲ್ಲಿ ಅಷ್ಟು ಸುಲಭ ಇಲ್ಲ ಜಂಕ್ಷನ್ ಅಣ್ಣ. ಫೈಂಡರ್‌ನಲ್ಲಿ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಫೈಲ್ ಹೆಸರು ಆರ್ಗ್ಯುಮೆಂಟ್ ಆಗಿ ಬರುವುದಿಲ್ಲ. ಆ್ಯಪ್ ಎದ್ದ ಮೇಲೆ ಆ್ಯಪಲ್ ಇವೆಂಟ್ ಆಗಿ ಬಂದು, ಡೆಲಿಗೇಟ್‌ನ ಓಪನ್ ಮೆಥಡ್‌ಗೆ ಸಿಗುತ್ತದೆ. ಆ್ಯಪ್ ಮೊದಲೇ ಓಡುತ್ತಿದ್ದರೆ ಎರಡನೇ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಹುಟ್ಟುವುದೂ ಇಲ್ಲ, ಅದೇ ಪ್ರೋಸೆಸ್‌ಗೆ ಸುದ್ದಿ ಬರುತ್ತದೆ.

ಹಾಸನ್_ಲಿನಕ್ಸ್

ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲೂ ಮೆನು ಐಕಾನ್ ಹಿಂದೆ ಒಂದು ಡಾಟ್ ಡೆಸ್ಕ್‌ಟಾಪ್ ಫೈಲ್ ಇರುತ್ತದೆ. ಅದರ ಎಕ್ಸೆಕ್ ಸಾಲಿನಲ್ಲಿರುವ ಕಮಾಂಡ್ ಓಡುತ್ತದೆ. ಡಿಬಸ್ ಆ್ಯಕ್ಟಿವೇಟಬಲ್ ಅಂತ ಟ್ರೂ ಕೊಟ್ಟಿದ್ದರೆ ಆ ಸಾಲನ್ನೂ ಬಿಟ್ಟು ಮೆಸೇಜ್ ಕಳಿಸಿ ಎಬ್ಬಿಸಬಹುದು. ಅಂದರೆ ಡೆಸ್ಕ್‌ಟಾಪ್ ಕೂಡ ನಿಧಾನಕ್ಕೆ ಮೊಬೈಲ್ ದಾರಿ ಹಿಡಿದಿದೆ.

ಮಲ್ನಾಡ್_ಮೇಷ್ಟ್ರಮ್ಮ, ಹಾಸನ

ಇಲ್ಲಿ ಇಂಜಿನಿಯರಿಂಗ್ ಕಾಲೇಜಲ್ಲಿ ಆಂಡ್ರಾಯ್ಡ್ ಲ್ಯಾಬ್ ತೆಗೆದುಕೊಳ್ಳುತ್ತೇನೆ. ಮೂಡಿಗೆರೆ ಹುಡುಗನ ಪ್ರಶ್ನೆ ಪ್ರತಿ ಬ್ಯಾಚ್‌ನಲ್ಲೂ ಬರುತ್ತದೆ. ಉತ್ತರ ಅವರ ಕೈಯಲ್ಲೇ ಇದೆ. ಆ ಕ್ರ್ಯಾಶ್ ಲಾಗ್ ತೆಗೆದು, ಮೇಲಿನ ಎರರ್ ಬಿಟ್ಟು, ಕೆಳಗಿನಿಂದ ಮೇಲಕ್ಕೆ ಓದಪ್ಪ.

ಎಲ್ಲಕ್ಕಿಂತ ಕೆಳಗಿನ ಸಾಲಲ್ಲಿ ಝೈಗೋಟ್‌ಇನಿಟ್ ಡಾಟ್ ಮೇನ್ ಅಂತ ಇರುತ್ತದೆ. ಅದರ ಮೇಲೆ ಮೆಥಡ್ ಆ್ಯಂಡ್ ಆರ್ಗ್ಸ್ ಕಾಲರ್, ಅದರ ಮೇಲೆ ಮೆಥಡ್ ಡಾಟ್ ಇನ್ವೋಕ್, ಆಮೇಲೆ ಆಕ್ಟಿವಿಟಿಥ್ರೆಡ್ ಡಾಟ್ ಮೇನ್, ಲೂಪರ್ ಡಾಟ್ ಲೂಪ್. ಇವುಗಳ ಮೇಲೆಲ್ಲೋ ನಿಮ್ಮ ಆ್ಯಪ್‌ನ ಹೆಸರು. ಸಿಕ್ಕಿತಲ್ಲ ಮೇನ್? ಒಂದಲ್ಲ, ಎರಡು.

ಫೋನ್ ಆನ್ ಆದಾಗ ಝೈಗೋಟ್ ಅನ್ನುವ ಪ್ರೋಸೆಸ್ ಎದ್ದು, ಫ್ರೇಮ್‌ವರ್ಕ್ ಕ್ಲಾಸ್‌ಗಳನ್ನೆಲ್ಲ ಮೊದಲೇ ಮೆಮೊರಿಗೆ ತುಂಬಿಕೊಂಡು ಕಾಯುತ್ತಾ ಕೂತಿರುತ್ತದೆ. ನೀವು ಐಕಾನ್ ಒತ್ತಿದಾಗ ಅದು ತನ್ನನ್ನೇ ಫೋರ್ಕ್, ಅಂದರೆ ನಕಲು, ಮಾಡಿಕೊಳ್ಳುತ್ತದೆ. ಆ ಹೊಸ ಪ್ರೋಸೆಸ್ಸೇ ನಿಮ್ಮ ಆ್ಯಪ್. ಅದರಲ್ಲಿ ಆಕ್ಟಿವಿಟಿಥ್ರೆಡ್‌ನ ಮೇನ್ ಓಡುತ್ತದೆ. ಅದು ಅಪ್ಪಟ ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್, ಕಾಲೇಜಲ್ಲಿ ಕಲಿತದ್ದೇ. ಅದು ಮುಖ್ಯ ಥ್ರೆಡ್‌ಗೆ ಲೂಪರ್ (ಬರುವ ಸುದ್ದಿಗಳನ್ನು ಒಂದೊಂದಾಗಿ ಎತ್ತಿಕೊಳ್ಳುವ ಸುತ್ತು) ಹಾಕಿ, ಸಿಸ್ಟಂಗೆ ನಾನು ಸಿದ್ಧ ಅಂತ ಹೇಳಿ, ಲೂಪ್‌ನಲ್ಲಿ ಕೂರುತ್ತದೆ. ಮುಂದೆ ಏನು ತೆರೆಯಬೇಕು ಅನ್ನುವುದನ್ನು ಸಿಸ್ಟಂ ಹೇಳುತ್ತದೆ. ಮೇನ್ ಗೂಗಲ್‌ನವರು ಬರೆದದ್ದು. ನಮ್ಮ ಪಾಲಿಗೆ ಬರುವುದು ಮ್ಯಾನಿಫೆಸ್ಟ್‌ನಲ್ಲಿ ಹೆಸರು ಬರೆಸಿಕೊಂಡ ಕ್ಲಾಸ್‌ಗಳು ಮಾತ್ರ.

ಹೆಸರು ಬರೆಸುವುದು ಆಕ್ಟಿವಿಟಿ ಒಂದನ್ನೇ ಅಲ್ಲ. ಹಿನ್ನೆಲೆಯಲ್ಲಿ ಓಡುವ ಸರ್ವಿಸ್, ಸುದ್ದಿ ಕೇಳಿಸಿಕೊಳ್ಳುವ ಬ್ರಾಡ್‌ಕಾಸ್ಟ್ ರಿಸೀವರ್, ಡೇಟಾ ಕೊಡುವ ಕಂಟೆಂಟ್ ಪ್ರೊವೈಡರ್ ಕೂಡ. ಈ ನಾಲ್ಕರಲ್ಲಿ ಯಾವುದರಿಂದ ಬೇಕಾದರೂ ನಿಮ್ಮ ಪ್ರೋಸೆಸ್ ಶುರುವಾಗಬಹುದು. ಅಲಾರಂ ಹೊಡೆದರೆ ರಿಸೀವರ್‌ನಿಂದ. ಬೇರೆ ಆ್ಯಪ್ ಡೇಟಾ ಕೇಳಿದರೆ ಪ್ರೊವೈಡರ್‌ನಿಂದ. ಆಗ ಸ್ಕ್ರೀನೇ ಇರುವುದಿಲ್ಲ.

ಯಾವುದರಿಂದ ಶುರುವಾದರೂ ಮೊದಲಿನ ಕ್ರಮ ಮಾತ್ರ ಒಂದೇ. ಆ್ಯಪ್ಲಿಕೇಶನ್ ಕ್ಲಾಸಿನ ಅಟ್ಯಾಚ್‌ಬೇಸ್‌ಕಾಂಟೆಕ್ಸ್ಟ್, ಆಮೇಲೆ ಕಂಟೆಂಟ್ ಪ್ರೊವೈಡರ್‌ಗಳ ಆನ್‌ಕ್ರಿಯೇಟ್, ಆಮೇಲೆ ಆ್ಯಪ್ಲಿಕೇಶನ್‌ನ ಆನ್‌ಕ್ರಿಯೇಟ್, ಕೊನೆಗೆ ಕರೆದ ಭಾಗ. ಮಧ್ಯದ ಪ್ರೊವೈಡರ್ ನೋಡಿ ತುಂಬಾ ಜನ ಆಶ್ಚರ್ಯಪಡುತ್ತಾರೆ. ಗೂಗಲ್‌ನ ಫೈರ್‌ಬೇಸ್ ಲೈಬ್ರರಿ ನೀವು ಒಂದು ಸಾಲೂ ಬರೆಯದೆ ಶುರುವಾಗುತ್ತದಲ್ಲ, ಅದು ಇದೇ ಕಿಂಡಿಯಿಂದ.

ಈಗ ನಿಮ್ಮ ಕ್ರ್ಯಾಶ್. ರೈಟರ್ ಫೋನಲ್ಲಿ ಮೆಮೊರಿ ಸಾಲದೆ ಹಿಂದೆ ಹೋದ ನಿಮ್ಮ ಪ್ರೋಸೆಸ್ಸನ್ನು ಆಂಡ್ರಾಯ್ಡ್ ಕೊಂದಿದೆ. ಆದರೆ ಕೊನೆಯಲ್ಲಿ ಯಾವ ಸ್ಕ್ರೀನ್ ಮೇಲಿತ್ತು ಅನ್ನುವುದನ್ನು ಸಿಸ್ಟಂ ನೆನಪಿಟ್ಟಿರುತ್ತದೆ. ರೈಟರ್ ವಾಪಸ್ ಬಂದಾಗ ಹೊಸ ಪ್ರೋಸೆಸ್ ಹುಟ್ಟಿ, ನೇರ ತೂಕದ ಆಕ್ಟಿವಿಟಿಯನ್ನೇ ಎಬ್ಬಿಸುತ್ತದೆ. ಲಾಂಚರ್ ಆಕ್ಟಿವಿಟಿ ಓಡುವುದೇ ಇಲ್ಲ. ಅದು ತುಂಬಬೇಕಾಗಿದ್ದ ಗ್ಲೋಬಲ್ ಆಬ್ಜೆಕ್ಟ್ ಖಾಲಿ.

ತೋಟದ ಭಾಷೆಯಲ್ಲೇ ಹೇಳುವುದಾದರೆ, ನೀವು ಚೆಕ್‌ರೋಲನ್ನು ಮೇನ್ ಗೇಟಿನ ಹತ್ತಿರ ಇಟ್ಟಿದ್ದೀರಿ. ರೈಟರ್ ಹೊಳೆ ಕಡೆಯ ಗೇಟಿನಿಂದಲೂ ಬರಬಹುದು. ಅದು ಆಫೀಸಿನಲ್ಲಿರಬೇಕು.

ತೋಟದ_ಹುಡುಗ, ಮೂಡಿಗೆರೆ

ಮೇಡಂ, ಲಾಗ್ ತೆಗೆದು ನೋಡಿದೆ. ನೀವು ಹೇಳಿದ ಸಾಲುಗಳು ಹಾಗೇ ಇವೆ. ಇಷ್ಟು ದಿನ ಮೇಲಿನ ಎರಡು ಸಾಲು ಬಿಟ್ಟು ಕೆಳಗೆ ಕಣ್ಣೇ ಹಾಯಿಸಿರಲಿಲ್ಲ.

ಆದರೆ ಇದನ್ನು ನನ್ನ ಫೋನಲ್ಲಿ ತರಿಸುವುದು ಹೇಗೆ? 8 ಜಿಬಿ ಇರುವುದರಿಂದ ಸುಲಭಕ್ಕೆ ಸಾಯುವುದಿಲ್ಲ.

ಕಡೂರು_ಕೋಡರ್

ಡೆವಲಪರ್ ಆಪ್ಷನ್ಸ್‌ನಲ್ಲಿ ಡೋಂಟ್ ಕೀಪ್ ಆಕ್ಟಿವಿಟೀಸ್ ಆನ್ ಮಾಡು. ಆ್ಯಪ್‌ನಿಂದ ಹೊರಗೆ ಬಂದ ಕೂಡಲೇ ಆಕ್ಟಿವಿಟಿ ಕೊಲ್ಲುತ್ತದೆ.

ಮಲ್ನಾಡ್_ಮೇಷ್ಟ್ರಮ್ಮ, ಹಾಸನ

ಅದರಲ್ಲಿ ಈ ಬಗ್ ಸಿಗುವುದಿಲ್ಲ. ಅದು ಆಕ್ಟಿವಿಟಿಯನ್ನು ಮಾತ್ರ ತೆಗೆಯುತ್ತದೆ, ಪ್ರೋಸೆಸ್ ಬದುಕಿರುತ್ತದೆ. ಗ್ಲೋಬಲ್ ಆಬ್ಜೆಕ್ಟ್ ಹಾಗೇ ಉಳಿಯುತ್ತದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ.

ತೂಕದ ಸ್ಕ್ರೀನ್ ತೆರೆದು ಹೋಮ್ ಬಟನ್ ಒತ್ತಿ. ಆಮೇಲೆ ಕಂಪ್ಯೂಟರ್‌ನಿಂದ ಎಡಿಬಿ ಶೆಲ್ ಎಎಂ ಕಿಲ್ ಕೊಟ್ಟು, ಮುಂದೆ ನಿಮ್ಮ ಪ್ಯಾಕೇಜ್ ಹೆಸರು ಹಾಕಿ. ಹಿಂದೆ ಇರುವ ಪ್ರೋಸೆಸ್ಸನ್ನು ಮಾತ್ರ ಅದು ಕೊಲ್ಲುತ್ತದೆ, ಅದಕ್ಕೇ ಹೋಮ್ ಮೊದಲು. ಈಗ ರೀಸೆಂಟ್ಸ್‌ನಿಂದ ಆ್ಯಪ್ ತೆರೆಯಿರಿ.

ಸೆಟ್ಟಿಂಗ್ಸ್‌ನ ಫೋರ್ಸ್ ಸ್ಟಾಪ್ ಒತ್ತಬೇಡಿ. ಅದು ನೆನಪನ್ನೂ ಅಳಿಸುತ್ತದೆ, ಮುಂದಿನ ಸಲ ಲಾಂಚರ್ ಆಕ್ಟಿವಿಟಿಯಿಂದಲೇ ಶುರುವಾಗುತ್ತದೆ. ರೀಸೆಂಟ್ಸ್‌ನಿಂದ ಸ್ವೈಪ್ ಮಾಡಿ ತೆಗೆದರೂ ಹಾಗೇ.

ತೋಟದ_ಹುಡುಗ, ಮೂಡಿಗೆರೆ

ಬಂತು! ಮೊದಲನೇ ಸಲಕ್ಕೇ ಅದೇ ಕ್ರ್ಯಾಶ್.

ಅರಸೀಕೆರೆ_ಜಂಕ್ಷನ್

ಹಾಗಾದರೆ ಪರಿಹಾರ ಸುಲಭ ಅಲ್ವಾ? ಆ್ಯಪ್ಲಿಕೇಶನ್ ಕ್ಲಾಸಿನ ಆನ್‌ಕ್ರಿಯೇಟ್ ಯಾವಾಗಲೂ ಮೊದಲು ಓಡುತ್ತದೆ ಅಂತ ಮೇಡಂ ಹೇಳಿದರು. ಆಳುಗಳ ಪಟ್ಟಿಯನ್ನು ಅಲ್ಲೇ ಓದಿಬಿಡಿ. ನಮ್ಮ ಮೇನ್ ಇದ್ದ ಹಾಗೇ ಆಯಿತು.

ಮಲ್ನಾಡ್_ಮೇಷ್ಟ್ರಮ್ಮ, ಹಾಸನ

ಎಲ್ಲರೂ ಮೊದಲು ಮಾಡುವುದು ಇದನ್ನೇ ಜಂಕ್ಷನ್ ಸರ್. ಆದರೆ ಇವರ ಆ್ಯಪ್‌ಗೆ ಹೊಂದುವುದಿಲ್ಲ.

ರೂಮ್ ಡೇಟಾಬೇಸ್ ಮುಖ್ಯ ಥ್ರೆಡ್‌ನಲ್ಲಿ ಓದಲು ಬಿಡುವುದಿಲ್ಲ, ಎಕ್ಸೆಪ್ಷನ್ ಎಸೆಯುತ್ತದೆ. ಬೇರೆ ಥ್ರೆಡ್‌ನಲ್ಲಿ ಓದಿದರೆ ಪಟ್ಟಿ ಬರುವ ಮೊದಲೇ ತೂಕದ ಸ್ಕ್ರೀನ್ ಬಂದಿರಬಹುದು. ಅದೇ ಕ್ರ್ಯಾಶ್, ಈ ಸಲ ಆಗೊಮ್ಮೆ ಈಗೊಮ್ಮೆ ಬರುವಂಥದ್ದು. ಅದು ಇನ್ನೂ ಕಷ್ಟ.

ಇನ್ನೊಂದಿದೆ, ಇದು ಯಾರ ಗಮನಕ್ಕೂ ಬರುವುದಿಲ್ಲ. ಪಟ್ಟಿ ಆ ದಿನದ್ದು. ರಾತ್ರಿ ಫೋನ್ ಚಾರ್ಜಿಗೆ ಹಾಕಿಟ್ಟರೆ ಪ್ರೋಸೆಸ್ ಬೆಳಗಿನವರೆಗೂ ಬದುಕಿರಬಹುದು. ಬೆಳಿಗ್ಗೆ ಆ್ಯಪ್ ತೆರೆದಾಗ ಆ್ಯಪ್ಲಿಕೇಶನ್‌ನ ಆನ್‌ಕ್ರಿಯೇಟ್ ಮತ್ತೆ ಓಡುವುದಿಲ್ಲ. ನಿನ್ನೆಯ ಆಳುಗಳ ಹೆಸರಿನ ಮುಂದೆ ಇವತ್ತಿನ ಕೆಜಿ ಬರೆಯುತ್ತೀರಿ. ಕ್ರ್ಯಾಶ್ ಆದರೆ ಗೊತ್ತಾದರೂ ಆಗುತ್ತದೆ. ಇದು ಗೊತ್ತಾಗುವುದು ಶನಿವಾರ ಬಟವಾಡೆ ಮಾಡುವಾಗ.

ತೂಕದ ಸ್ಕ್ರೀನ್‌ಗೆ ಹೋಗುವಾಗ ಇಂಟೆಂಟ್‌ನಲ್ಲಿ (ಸ್ಕ್ರೀನ್ ತೆರೆಯಲು ಕಳಿಸುವ ಸುದ್ದಿ) ಬ್ಲಾಕ್ ನಂಬರ್ ಮತ್ತು ದಿನಾಂಕ ಮಾತ್ರ ಕಳಿಸಿ. ಪ್ರೋಸೆಸ್ ಸತ್ತು ಹುಟ್ಟಿದರೂ ಸಿಸ್ಟಂ ಆ ಇಂಟೆಂಟನ್ನು ವಾಪಸ್ ಕೊಡುತ್ತದೆ. ಸ್ಕ್ರೀನಿನ ಡೇಟಾ ನೋಡಿಕೊಳ್ಳುವ ವ್ಯೂಮಾಡೆಲ್ ಕ್ಲಾಸ್ ಅದನ್ನು ಸೇವ್ಡ್‌ಸ್ಟೇಟ್‌ಹ್ಯಾಂಡಲ್‌ನಿಂದ ಓದಿ, ರೂಮ್‌ಗೆ ತಾನೇ ಕೇಳಲಿ. ಪಟ್ಟಿ ಬರುವವರೆಗೆ ಲೋಡಿಂಗ್ ತೋರಿಸಿ. ತೂಕದ ಸ್ಕ್ರೀನಿಗೆ ಹೋಮ್ ಸ್ಕ್ರೀನ್ ಅನ್ನುವುದೊಂದು ಇದೆ ಅಂತಲೇ ಗೊತ್ತಿರಬಾರದು.

ಕಡೂರು_ಕೋಡರ್

ಹಾಗಾದರೆ ಆ್ಯಪ್ಲಿಕೇಶನ್ ಕ್ಲಾಸಿನಲ್ಲಿ ಏನು ಇಡಬೇಕು ಮೇಡಂ?

ಮಲ್ನಾಡ್_ಮೇಷ್ಟ್ರಮ್ಮ, ಹಾಸನ

ಯಾವ ಕಡೆಯಿಂದ ಬಂದರೂ ಬೇಕಾಗುವ, ಬೇಗ ಮುಗಿಯುವ ಕೆಲಸ. ನೋಟಿಫಿಕೇಷನ್ ಚಾನೆಲ್ ಮಾಡುವುದು, ಕ್ರ್ಯಾಶ್ ರಿಪೋರ್ಟ್ ಶುರು ಮಾಡುವುದು, ಇಂಥವು. ಡೇಟಾಬೇಸ್ ಆಬ್ಜೆಕ್ಟ್ ಅಲ್ಲಿರಬಹುದು, ಆದರೆ ಮೊದಲ ಸಲ ಕೇಳಿದಾಗ ಹುಟ್ಟುವ ಹಾಗೆ ಲೇಜಿ ಮಾಡಿ. ಮ್ಯಾನಿಫೆಸ್ಟ್‌ನಲ್ಲಿ ಯಾವುದಾದರೂ ಸರ್ವಿಸ್‌ಗೆ ಬೇರೆ ಪ್ರೋಸೆಸ್ ಹೆಸರು ಕೊಟ್ಟಿದ್ದರೆ ಆ್ಯಪ್ಲಿಕೇಶನ್‌ನ ಆನ್‌ಕ್ರಿಯೇಟ್ ಪ್ರತಿ ಪ್ರೋಸೆಸ್‌ನಲ್ಲೂ ಒಂದೊಂದು ಸಲ ಓಡುತ್ತದೆ, ಅದೂ ನೆನಪಿರಲಿ.

ಚಿಕ್ಕಮಗಳೂರು_ಸ್ವಿಫ್ಟ್

ಐಫೋನ್ ಕಡೆ ಮೇನ್ ಕಣ್ಣಿಗೆ ಕಾಣುತ್ತಿತ್ತು, ಆಮೇಲೆ ಮಾಯವಾಯಿತು. ಆಬ್ಜೆಕ್ಟಿವ್ ಸಿ ಪ್ರಾಜೆಕ್ಟ್‌ನಲ್ಲಿ ಮೇನ್ ಡಾಟ್ ಎಂ ಅಂತ ಫೈಲ್ ಇರುತ್ತಿತ್ತು. ಒಳಗೆ ಯುಐಆ್ಯಪ್ಲಿಕೇಶನ್‌ಮೇನ್ ಅಂತ ಒಂದು ಕರೆ, ಡೆಲಿಗೇಟ್ ಕ್ಲಾಸಿನ ಹೆಸರು. ಆ ಕರೆ ವಾಪಸ್ ಬರುವುದೇ ಇಲ್ಲ, ಅದರ ಮುಂದೆ ಕೋಡ್ ಬರೆದರೆ ಓಡುವುದಿಲ್ಲ. ಸ್ವಿಫ್ಟ್‌ನಲ್ಲಿ ಆ ಫೈಲ್ ಹೋಗಿ ಕ್ಲಾಸ್ ಮೇಲೆ ಒಂದು ಗುರುತು ಬಂತು. 2020ರ ಸ್ವಿಫ್ಟ್ 5.3ರಿಂದ ಅದು ಬರೀ ಅಟ್ ಮೇನ್. ಸ್ವಿಫ್ಟ್‌ಯುಐನಲ್ಲಿ ಆ್ಯಪ್ ಅನ್ನುವ ಸ್ಟ್ರಕ್ಟ್ ಮೇಲೆ ಅದನ್ನು ಹಾಕುತ್ತೇವೆ. ಸ್ಟ್ಯಾಟಿಕ್ ಮೇನ್ ಪ್ರೋಟೊಕಾಲ್ ಜೊತೆಗೇ ಬರುತ್ತದೆ. ಪ್ರಾಜೆಕ್ಟ್‌ನಲ್ಲಿ ಮೇನ್ ಡಾಟ್ ಸ್ವಿಫ್ಟ್ ಅನ್ನುವ ಫೈಲೂ ಇದ್ದರೆ ಕಂಪೈಲರ್ ಜಗಳ ತೆಗೆಯುತ್ತದೆ, ಎರಡರಲ್ಲಿ ಒಂದೇ ಇರಬೇಕು.

ಕೆಳಗಡೆ ಲಿನಕ್ಸ್ ಸರ್ ಹೇಳಿದ ಹಾಗೇ. ಫೈಲ್ ಹೆಡರ್‌ನಲ್ಲಿ ಎಲ್‌ಸಿ ಮೇನ್ ಅನ್ನುವ ಕಮಾಂಡ್ ಮೇನ್ ಎಲ್ಲಿದೆ ಅಂತ ಹೇಳುತ್ತದೆ, ಡಿವೈಎಲ್‌ಡಿ ಅನ್ನುವ ಲೋಡರ್ ಲೈಬ್ರರಿಗಳನ್ನು ಜೋಡಿಸಿ ಅಲ್ಲಿಗೆ ಹೋಗುತ್ತದೆ.

ಒಂದು ವಿಚಿತ್ರ ಕೇಳಿ. ಐಒಎಸ್ 15ರಿಂದ ಪ್ರೀವಾರ್ಮಿಂಗ್ ಅಂತ ಇದೆ. ನೀವು ಐಕಾನ್ ಮುಟ್ಟುವ ಮೊದಲೇ ಸಿಸ್ಟಂ ಆ್ಯಪ್ಪನ್ನು ಅರ್ಧ ಶುರು ಮಾಡಿ ಇಟ್ಟಿರಬಹುದು. ಯುಐಆ್ಯಪ್ಲಿಕೇಶನ್‌ಮೇನ್ ಕರೆಯುವುದಕ್ಕೆ ಸ್ವಲ್ಪ ಮುಂಚೆ ತಂದು ನಿಲ್ಲಿಸುತ್ತದೆ. ಮೇನ್‌ನ ಮೊದಲ ಸಾಲಲ್ಲಿ ಗಡಿಯಾರ ನೋಡಿಕೊಂಡು ಸ್ಕ್ರೀನ್ ಬಂದಾಗ ಲೆಕ್ಕ ಹಾಕಿದರೆ, ಆ್ಯಪ್ ತೆರೆಯಲು ಎಷ್ಟೋ ನಿಮಿಷ ಹಿಡಿಯಿತು ಅಂತ ರಿಪೋರ್ಟ್ ಬರುತ್ತದೆ. ನಮ್ಮ ಟೀಮಿನಲ್ಲಿ ಇದರ ಮೇಲೆ ದೊಡ್ಡ ಮೀಟಿಂಗೇ ನಡೆದಿತ್ತು ಮಾರಾಯ್ರೆ.

ಕಡೂರು_ಕೋಡರ್

ಡಾರ್ಟ್ ಭಾಷೆಯಲ್ಲಿ ಆ್ಯಪ್ ಬರೆಯುವ ಫ್ಲಟರ್‌ನಲ್ಲಿ ಮಾತ್ರ ಮೇನ್ ಇದೆ ನೋಡಿ! ಲಿಬ್ ಫೋಲ್ಡರ್‌ನ ಮೇನ್ ಡಾಟ್ ಡಾರ್ಟ್, ಒಳಗೆ ರನ್‌ಆ್ಯಪ್. ಟೆಸ್ಟಿಗೆ ಬೇರೆ ಮೇನ್ ಬೇಕಾದರೆ ಫ್ಲಟರ್ ರನ್‌ಗೆ ಮೈನಸ್ ಟಿ ಕೊಟ್ಟು ಬೇರೆ ಫೈಲ್ ತೋರಿಸಬಹುದು.

ಮಲ್ನಾಡ್_ಮೇಷ್ಟ್ರಮ್ಮ, ಹಾಸನ

ಇದೆ, ಆದರೆ ಕೆಳಗೆ ಮೇಲೆ ಹೇಳಿದ್ದೆಲ್ಲ ಹಾಗೇ ಇದೆ. ಆಂಡ್ರಾಯ್ಡ್‌ನಲ್ಲಿ ಫ್ಲಟರ್‌ಆಕ್ಟಿವಿಟಿ ಎದ್ದು, ಇಂಜಿನ್ ಶುರು ಮಾಡಿ, ಅದು ನಿಮ್ಮ ಡಾರ್ಟ್ ಮೇನ್ ಕರೆಯುತ್ತದೆ. ಆ್ಯಪ್ ಮುಚ್ಚಿರುವಾಗ ಪುಶ್ ಮೆಸೇಜ್ ಬಂದರೆ ಬ್ಯಾಕ್‌ಗ್ರೌಂಡ್ ಹ್ಯಾಂಡ್ಲರ್ ಬೇರೆ ಐಸೊಲೇಟ್‌ನಲ್ಲಿ (ತನ್ನದೇ ಮೆಮೊರಿ ಇರುವ ಭಾಗ) ಓಡುತ್ತದೆ. ಮೇನ್‌ನಲ್ಲಿ ತುಂಬಿದ ಗ್ಲೋಬಲ್‌ಗಳು ಅಲ್ಲಿ ಇರುವುದಿಲ್ಲ. ಆ ಹ್ಯಾಂಡ್ಲರ್ ಮೇಲೆ ವಿಎಂ ಎಂಟ್ರಿ ಪಾಯಿಂಟ್ ಅನ್ನುವ ಪ್ರಾಗ್ಮಾ ಹಾ​ಕದಿದ್ದರೆ, ಯಾರೂ ಕರೆಯದ ಫಂಕ್ಷನ್ ಅಂತ ರಿಲೀಸ್ ಬಿಲ್ಡ್‌ನಲ್ಲಿ ಕಿತ್ತು ಹಾಕಿಬಿಡಬಹುದು. ಡೀಬಗ್‌ನಲ್ಲಿ ಚೆನ್ನಾಗಿತ್ತು, ಪ್ಲೇ ಸ್ಟೋರ್‌ಗೆ ಹಾಕಿದ ಮೇಲೆ ಕೆಟ್ಟಿತು ಅನ್ನುವ ದೂರು ಎಷ್ಟೋ ಸಲ ಇಲ್ಲಿಂದ ಬರುತ್ತದೆ.

ಸುಮ್ನೆ_ಓದೋನು

ರಿಯಾಕ್ಟ್ ನೇಟಿವ್‌ನಲ್ಲೂ ಇಂಥದ್ದೇ ಒಂದು ಇದೆ. ಇಂಡೆಕ್ಸ್ ಡಾಟ್ ಜೆಎಸ್‌ನಲ್ಲಿ ಆ್ಯಪ್‌ರಿಜಿಸ್ಟ್ರಿಗೆ ಕೊಟ್ಟ ಹೆಸರೂ ಮೇನ್‌ಆಕ್ಟಿವಿಟಿಯಲ್ಲಿ ಬರೆದ ಹೆಸರೂ ಒಂದೇ ಇರಬೇಕು. ಪ್ರಾಜೆಕ್ಟ್ ಹೆಸರು ಬದಲಿಸುವಾಗ ಒಂದು ಕಡೆ ಬಿಟ್ಟರೆ ರಿಜಿಸ್ಟರ್ ಆಗಿಲ್ಲ ಅಂತ ಕೆಂಪು ಸ್ಕ್ರೀನ್.

ಸಕಲೇಶಪುರ_ಪೈಥಾನ್

ತಡವಾಗಿ ಬಂದೆ. ಪೈಥಾನ್‌ನಲ್ಲಿ ಫೈಲ್ ಮೇಲಿನಿಂದ ಕೆಳಕ್ಕೆ ಓಡುತ್ತದೆ, ಮೇನ್ ಕಡ್ಡಾಯ ಅಲ್ಲ. ನೇಮ್ ಈಕ್ವಲ್ಸ್ ಮೇನ್ ಅನ್ನುವ ಇಫ್ ಸಾಲನ್ನು ಎಲ್ಲರೂ ಬರೆಯುತ್ತಾರೆ, ಯಾಕೆ ಅಂತ ಕೇಳಿದರೆ ಹೇಳುವವರು ಕಡಿಮೆ. ವಿಂಡೋಸ್‌ನಲ್ಲಿ ಮಲ್ಟಿಪ್ರೋಸೆಸಿಂಗ್ ಬಳಸಿ ನೋಡಿ, ಗೊತ್ತಾಗುತ್ತದೆ. ಅಲ್ಲಿ ಫೋರ್ಕ್ ಇಲ್ಲ. ಪ್ರತಿ ಮರಿ ಪ್ರೋಸೆಸ್ಸೂ ನಿಮ್ಮ ಫೈಲನ್ನು ಮತ್ತೆ ಇಂಪೋರ್ಟ್ ಮಾಡಿಕೊಳ್ಳುತ್ತದೆ. ಆ ಇಫ್ ಇಲ್ಲದಿದ್ದರೆ ಎರರ್. ಅದನ್ನೇ ಪೈಇನ್‌ಸ್ಟಾಲರ್‌ನಲ್ಲಿ ಎಕ್ಸ್‌ಇ ಮಾಡುವಾಗ ಫ್ರೀಜ್ ಸಪೋರ್ಟ್ ಕರೆಯದೆ ಬಿಟ್ಟರೆ, ಒಂದು ಸಲ ಕ್ಲಿಕ್ ಮಾಡಿದ್ದಕ್ಕೆ ಕಿಟಕಿ ಮೇಲೆ ಕಿಟಕಿ ತೆರೆಯುತ್ತಾ ಹೋಗುತ್ತದೆ. ಕೊನೆಗೆ ಪ್ಲಗ್ ಕೀಳುವುದೊಂದೇ ದಾರಿ.

ಅರಸೀಕೆರೆ_ಜಂಕ್ಷನ್

ಜಾವಾ ಬಗ್ಗೆ ಯಾರೂ ಹೇಳಲಿಲ್ಲ. ಒಂದೇ ಪ್ರಾಜೆಕ್ಟ್‌ನಲ್ಲಿ ಹತ್ತು ಕ್ಲಾಸಿಗೂ ಮೇನ್ ಇರಬಹುದು, ಯಾವುದು ಅಂತ ಓಡಿಸುವವರು ಹೇಳುತ್ತಾರೆ. ಜಾರ್ ಮಾಡಿದರೆ ಒಳಗಿನ ಮ್ಯಾನಿಫೆಸ್ಟ್‌ನಲ್ಲಿ ಮೇನ್ ಕ್ಲಾಸ್ ಅನ್ನುವ ಸಾಲು ಬೇಕು, ಇಲ್ಲದಿದ್ದರೆ ನೋ ಮೇನ್ ಮ್ಯಾನಿಫೆಸ್ಟ್ ಆ್ಯಟ್ರಿಬ್ಯೂಟ್. 2025ರ ಜಾವಾ 25ರಲ್ಲಿ ಕ್ಲಾಸೂ ಇಲ್ಲದೆ ವಾಯ್ಡ್ ಮೇನ್ ಅಂತ ಬರೆದರೆ ಸಾಕು. ಪಬ್ಲಿಕ್ ಸ್ಟ್ಯಾಟಿಕ್ ಬಾಯಿಪಾಠ ಮಾಡಿದ ನಮ್ಮ ಕಾಲದವರಿಗೆ ಹೊಟ್ಟೆ ಉರಿಯುತ್ತದೆ.

ತೋಟದ_ಹುಡುಗ, ಮೂಡಿಗೆರೆ

ಅಪ್‌ಡೇಟ್. ಮೇಡಂ ಹೇಳಿದ ಹಾಗೆ ಗ್ಲೋಬಲ್ ಆಬ್ಜೆಕ್ಟ್ ಕಿತ್ತು ಹಾಕಿದೆ. ಬ್ಲಾಕ್ ನಂಬರ್, ದಿನಾಂಕ ಮಾತ್ರ ಹೋಗುತ್ತದೆ, ತೂಕದ ಸ್ಕ್ರೀನ್ ತಾನೇ ಪಟ್ಟಿ ತರಿಸಿಕೊಳ್ಳುತ್ತದೆ. ಎಎಂ ಕಿಲ್ ಕೊಟ್ಟು ವಾಪಸ್ ಬಂದರೂ ಅದೇ ಬ್ಲಾಕ್, ಅದೇ ಹೆಸರುಗಳು. ರೈಟರ್ ಫೋನಿಗೂ ಹಾಕಿದ್ದೇನೆ, ಇಲ್ಲಿಯವರೆಗೆ ತೊಂದರೆ ಇಲ್ಲ.

ಇನ್ನೆರಡು ವಿಷಯ. ಮೆಮೊರಿ ನೋಡೋಣ ಅಂತ ಲೀಕ್‌ಕ್ಯಾನರಿ ಅನ್ನುವ ಲೈಬ್ರರಿ ಹಾಕಿದೆ, ಫೋನಲ್ಲಿ ಈಗ ಎರಡು ಐಕಾನ್. ಮತ್ತೆ, ಮಳೆ ಬರೆಯಲು ದಿನಾ ಬೆಳಿಗ್ಗೆ 8ಕ್ಕೆ ನೋಟಿಫಿಕೇಷನ್ ಬರುವ ಹಾಗೆ ಅಲಾರಂ ಇಟ್ಟಿದ್ದೇನೆ. ಅದನ್ನು ಒತ್ತಿದರೆ ಮಳೆ ಸ್ಕ್ರೀನ್ ಬರುತ್ತದೆ, ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಹಾಕಿ ಬ್ಯಾಕ್ ಒತ್ತಿದರೆ ಹೋಮ್ ಸ್ಕ್ರೀನಿಗೆ ಹೋಗದೆ ಆ್ಯಪ್ಪೇ ಮುಚ್ಚುತ್ತದೆ. ಫೋನ್ ಆಫ್ ಮಾಡಿ ಆನ್ ಮಾಡಿದ ಮೇಲೆ ಅಲಾರಂ ಬರುವುದೂ ಇಲ್ಲ.

ಕಡೂರು_ಕೋಡರ್

ಐಕಾನ್ ನಾನು ಹೇಳುತ್ತೇನೆ. ಆ ಲೈಬ್ರರಿಯ ಮ್ಯಾನಿಫೆಸ್ಟ್‌ನಲ್ಲೂ ಮೇನ್, ಲಾಂಚರ್ ಫಿಲ್ಟರ್ ಇದೆ, ಬಿಲ್ಡ್ ಮಾಡುವಾಗ ಅದು ನಿನ್ನ ಮ್ಯಾನಿಫೆಸ್ಟ್ ಜೊತೆ ಸೇರಿಕೊಂಡಿದೆ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಮ್ಯಾನಿಫೆಸ್ಟ್ ತೆರೆದು ಕೆಳಗಿನ ಮರ್ಜ್ಡ್ ಮ್ಯಾನಿಫೆಸ್ಟ್ ಟ್ಯಾಬ್ ಒತ್ತು. ಯಾವ ಲೈಬ್ರರಿ ಏನೇನು ತಂದು ಸೇರಿಸಿದೆ ಅಂತ ಬಣ್ಣ ಹಚ್ಚಿ ತೋರಿಸುತ್ತದೆ. ಅದು ಡೀಬಗ್ ಬಿಲ್ಡ್‌ಗೆ ಮಾತ್ರ ಇರಲಿ, ರೈಟರ್ ಫೋನಿಗೆ ಹೋಗಬಾರದು.

ಮಲ್ನಾಡ್_ಮೇಷ್ಟ್ರಮ್ಮ, ಹಾಸನ

ಬ್ಯಾಕ್ ಒತ್ತಿದರೆ ಮುಚ್ಚುವುದು ಸಹಜ. ನೋಟಿಫಿಕೇಷನ್‌ನಿಂದ ಬಂದಾಗ ಮಳೆ ಸ್ಕ್ರೀನ್ ಹಿಂದೆ ಯಾವ ಸ್ಕ್ರೀನೂ ಇಲ್ಲವಲ್ಲ. ಮ್ಯಾನಿಫೆಸ್ಟ್‌ನಲ್ಲಿ ಮಳೆ ಆಕ್ಟಿವಿಟಿಯ ಪೇರೆಂಟ್ ಹೋಮ್ ಅಂತ ಬರೆದು, ನೋಟಿಫಿಕೇಷನ್‌ಗೆ ಕೊಡುವ ಪೆಂಡಿಂಗ್ ಇಂಟೆಂಟನ್ನು ಟಾಸ್ಕ್‌ಸ್ಟ್ಯಾಕ್‌ಬಿಲ್ಡರ್‌ನಿಂದ ಮಾಡಿ. ಹಿಂದೆ ಹೋಮ್ ಇರುವ ಹಾಗೆ ಅದು ಜೋಡಿಸಿ ಕೊಡುತ್ತದೆ.

ಫೋನ್ ರೀಸ್ಟಾರ್ಟ್ ಆದರೆ ಅಲಾರಂಗಳು ಅಳಿಸಿ ಹೋಗುತ್ತವೆ. ಬೂಟ್ ಕಂಪ್ಲೀಟೆಡ್ ಬ್ರಾಡ್‌ಕಾಸ್ಟ್ ಕೇಳುವ ಒಂದು ರಿಸೀವರ್ ಬರೆದು, ಅದರಲ್ಲಿ ಅಲಾರಂ ಮತ್ತೆ ಇಡಿ. ಪರ್ಮಿಷನ್ ಸಾಲು ಮರೆಯಬೇಡಿ. ಈ ರಿಸೀವರ್ ಓಡುವಾಗ ಸ್ಕ್ರೀನ್ ಇರುವುದಿಲ್ಲ, ಹೋಮ್ ಓಡಿರುವುದಿಲ್ಲ. ಯಾರಾದರೂ ಫೋರ್ಸ್ ಸ್ಟಾಪ್ ಮಾಡಿದ್ದರೆ ಮತ್ತೆ ಕೈಯಾರೆ ಆ್ಯಪ್ ತೆರೆಯುವವರೆಗೂ ಈ ಬ್ರಾಡ್‌ಕಾಸ್ಟ್ ಬರುವುದಿಲ್ಲ. ಅದನ್ನು ರೈಟರ್‌ಗೆ ಹೇಳಿಡಿ.

ತೋಟದ_ಹುಡುಗ, ಮೂಡಿಗೆರೆ

ಈ ರಿಸೀವರ್‌ಗೂ ಇಂಟೆಂಟ್ ಫಿಲ್ಟರ್ ಇದೆ. ಎಕ್ಸ್‌ಪೋರ್ಟೆಡ್ ಟ್ರೂ ಕೊಡಬೇಕಾ ಮೇಡಂ?

ಮಲ್ನಾಡ್_ಮೇಷ್ಟ್ರಮ್ಮ, ಹಾಸನ

ಬೇಡ, ಫಾಲ್ಸ್ ಸಾಕು. ಕಳಿಸುವುದು ಸಿಸ್ಟಂ, ಅದಕ್ಕೆ ತಡೆ ಇಲ್ಲ. ಬೇರೆ ಆ್ಯಪ್ ಬಂದು ಸುಮ್ನೆ ಎಬ್ಬಿಸುವುದು ತಪ್ಪುತ್ತದೆ.

ತೋಟದ_ಹುಡುಗ, ಮೂಡಿಗೆರೆ

ಹಾಕಿದೆ. ಫೋನ್ ರೀಸ್ಟಾರ್ಟ್ ಮಾಡಿ, ಆ್ಯಪ್ ತೆರೆಯದೆ ಇಟ್ಟೆ. ಇವತ್ತು ಬೆಳಿಗ್ಗೆ 8ಕ್ಕೆ ನೋಟಿಫಿಕೇಷನ್ ಬಂತು, ಬ್ಯಾಕ್ ಒತ್ತಿದರೆ ಹೋಮ್‌ಗೂ ಹೋಗುತ್ತಿದೆ. ಥ್ರೆಡ್‌ಗೆ ಬಗೆಹರಿದಿದೆ ಅಂತ ಗುರುತು ಹಾಕುತ್ತೇನೆ. ಜಂಕ್ಷನ್ ಸರ್, ಚಿಕ್ಕಪ್ಪನಿಗೆ ಇದೇ ಲೆಕ್ಕ ಆಫೀಸಿನ ವಿಂಡೋಸ್ ಕಂಪ್ಯೂಟರ್‌ನಲ್ಲೂ ಬೇಕಂತೆ. ಅದಕ್ಕೆ ಬೇರೆ ಥ್ರೆಡ್ ಹಾಕುತ್ತೇನೆ, ಅಲ್ಲಿ ಸಿಗೋಣ.

ಅರಸೀಕೆರೆ_ಜಂಕ್ಷನ್

ಹಾಕು ತಮ್ಮ. ಮೊದಲ ಪೋಸ್ಟ್‌ನಲ್ಲೇ ವಿಂಡೋಸ್ ಯಾವ ವರ್ಷನ್ ಅಂತ ಬರೆದಿರು, ತೋಟದ ಆಫೀಸುಗಳಲ್ಲಿ ಇನ್ನೂ 7 ಓಡುತ್ತಿರುತ್ತದೆ.